ಅಜ್ಜಿ ಸೀಟಿ ಊದಿದ ವರ್ಷ

ನಾನು ಮೂರನೇ ತರಗತಿಯಲ್ಲಿದ್ದಾಗ ನಾವು ಲಾಸ್ ಏಂಜಲೀಸ್ ಹತ್ತಿರದ ಸ್ಯಾಂಟಾ ಕ್ಲಾರಿಟಾದಲ್ಲಿದ್ದೆವು. 2001ರ ಮಾತು. ಒಂದು ಶುಕ್ರವಾರ ನಮ್ಮ ಟೀಚರ್, ಸೋಮವಾರ ಎಲ್ಲರೂ ತಂತಮ್ಮ ಫುಟ್‌ಬಾಲ್ ತಂಡದ ಬಣ್ಣ ಹಾಕಿಕೊಂಡು ಬರಬೇಕು ಎಂದರು. ಫುಟ್‌ಬಾಲ್ ಎಂದರೆ ಅಮೆರಿಕದ್ದು: ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಅಷ್ಟು ದೊಡ್ಡ ಲಾಸ್ ಏಂಜಲೀಸ್‌ಗೆ ಆಗ ಒಂದೂ ತಂಡವಿರಲಿಲ್ಲ. ಇದ್ದ ಎರಡೂ ನಾನಿನ್ನೂ ಮಾತಾಡಲು ಕಲಿಯುತ್ತಿದ್ದಾಗಲೇ ಊರು ಬಿಟ್ಟಿದ್ದವು. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಪ್ರತಿ ಮಗುವೂ ತನ್ನ ಅಪ್ಪ ಎಲ್ಲಿಂದ ಬಂದಿದ್ದನೋ ಆ ಊರಿನ ತಂಡಕ್ಕೆ ಜೈ ಎನ್ನುತ್ತಿತ್ತು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. "ನಮ್ಮ ಟೀಮ್ ಯಾವುದು?"

ಅಪ್ಪ ಹುಬ್ಬಳ್ಳಿಯವರು, ಎಂಜಿನಿಯರ್, ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಎಂದು ನಂಬಿದ್ದವರು. ಪೇಪರಿನಿಂದ ತಲೆ ಎತ್ತದೆ, "ನಮ್ಮ ಟೀಮಾ? ಕರ್ನಾಟಕ" ಎಂದರು.

ಸೋಮವಾರ ನಾನು ರಾಜ್ಯೋತ್ಸವಕ್ಕೆಂದು ಅಮ್ಮ ಹೊಲಿಸಿದ್ದ ಹಳದಿ ಅಂಗಿ, ಕೆಂಪು ಲಂಗ ತೊಟ್ಟು ಶಾಲೆಗೆ ಹೋದೆ. ಪಕ್ಕದ ಬೆಂಚಿನ ಹುಡುಗ ಇದು ಯಾವ ತಂಡ ಎಂದು ಕೇಳಿದ. ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ಟಿವಿಯಲ್ಲಿ ಅವರನ್ನು ನೋಡೇ ಇಲ್ಲವಲ್ಲ, ತುಂಬಾ ಸೋಲುತ್ತಾರಾ?" ಎಂದು ಕನಿಕರದಿಂದ ವಿಚಾರಿಸಿದ.

ಅವತ್ತೇ ನಿರ್ಧರಿಸಿದೆ, ನನಗೊಂದು ತಂಡ ಬೇಕು ಎಂದು. ಭಾನುವಾರಗಳಂದು ನಮ್ಮ ಟಿವಿಯಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಸ್ಯಾನ್ ಡಿಯಾಗೋ ತಂಡ. ಅದನ್ನೇ ಆರಿಸಿಕೊಂಡೆ. ಆ ವರ್ಷಗಳಲ್ಲಿ ಅವರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಸೋಲುವವರ ಅಭಿಮಾನಿಯಾಗುವುದರಲ್ಲಿ ಒಂದು ಸುಖವಿದೆ, ಯಾರೂ ನಿಮ್ಮ ಮೇಲೆ ಜಗಳಕ್ಕೆ ಬರುವುದಿಲ್ಲ. ಗೆದ್ದ ಭಾನುವಾರವಂತೂ ಹುಟ್ಟುಹಬ್ಬ ಎರಡನೇ ಸಲ ಬಂದಂತೆ. ಚಿಕ್ಕಂದಿನಿಂದ ಗೆಲ್ಲುವ ತಂಡವನ್ನೇ ಕಟ್ಟಿಕೊಂಡವರಿಗೆ ಈ ಸಂತೋಷ ಗೊತ್ತಿರುವುದಿಲ್ಲ ಎಂಬುದು ನನ್ನ ಆಗಿನ ಅಭಿಪ್ರಾಯ. ಈಗಲೂ ಅದೇ.

ಎರಡು ವರ್ಷದ ಮೇಲೆ ಅಪ್ಪ ಕೆಲಸ ಬದಲಾಯಿಸಿದರು. ನಾವು ದಕ್ಷಿಣಕ್ಕೆ, ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡಿಗೆ ಮನೆ ಬದಲಿಸಿದೆವು. ಗೆಳತಿಯರನ್ನು ಬಿಟ್ಟು ಬರಬೇಕಲ್ಲ ಎಂದು ನಾನು ಅಳುತ್ತೇನೆಂದು ಅಮ್ಮ ಹೆದರಿದ್ದರು. ನಾನು ಮ್ಯಾಪಿನಲ್ಲಿ ಸ್ಟೇಡಿಯಂ ಎಷ್ಟು ಮೈಲಿ ಎಂದು ಬೆರಳಿನಿಂದ ಅಳೆಯುತ್ತಿದ್ದೆ. ಹೊಸ ಮನೆಯಲ್ಲಿ ಕಿಟಕಿ ತೆಗೆದರೆ ಸಮುದ್ರದ ಗಾಳಿ ಬರುತ್ತಿತ್ತು. ಪಕ್ಕದ ಮನೆಯವರ ಗ್ಯಾರೇಜಿನ ಬಾಗಿಲಿಗೆ ನಮ್ಮ ತಂಡದ ಬಾವುಟವಿತ್ತು. ನನಗೆ ಬೇರೇನೂ ಬೇಕಿರಲಿಲ್ಲ.

ಮನೆಯೊಳಗೆ ಮಾತ್ರ ನಾನು ಒಂಟಿ. ಆಟ ನೋಡಲು ಕುಳಿತರೆ ಅಪ್ಪ ಹಿಂದಿನಿಂದ ಬಂದು ನಿಲ್ಲುತ್ತಿದ್ದರು. "ಇದೇನ್ ಆಟಲೇ? ಐದ್ ಸೆಕೆಂಡ್ ಓಡ್ತಾರ, ಐದ್ ನಿಮಿಷ ಸೊಂಟಕ್ಕ ಕೈ ಕೊಟ್ಟು ನಿಂದರ್ತಾರ." ಅಮ್ಮ ಬೆಂಗಳೂರಿನವರು. ಅವರಿಗೆ ಒಂದೇ ಆತಂಕ. "ಅಯ್ಯೋ, ಆ ಹುಡುಗನ ಮೇಲೆ ಅಷ್ಟೊಂದು ಜನ ಬಿದ್ರಲ್ಲೇ! ಅವನಮ್ಮ ನೋಡ್ತಿರಲ್ವಾ?"

2004ರ ಸೆಪ್ಟೆಂಬರಿನಲ್ಲಿ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ನನಗಾಗ ಹನ್ನೆರಡು. ಅಜ್ಜಿ ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವರು. ಕಬಡ್ಡಿ, ಖೋ ಖೋ ಎರಡಕ್ಕೂ ರೆಫ್ರಿ. ಒಂಬತ್ತು ಗಜದ ಸೀರೆಯಲ್ಲ, ಸಾದಾ ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ತಂದವನಿಗೆ, "ನೀನ ಕುಂದ್ರು, ನಾ ನೂಕತೀನಿ" ಎಂದು ಕನ್ನಡದಲ್ಲೇ ಹೇಳಿ ನಡೆದುಕೊಂಡೇ ಹೊರಗೆ ಬಂದರು.

ಮೊದಲ ಭಾನುವಾರ ನಾನು ಟಿವಿ ಮುಂದೆ ಕುಳಿತಿದ್ದೆ. ಅಜ್ಜಿ ಅವರೆಕಾಯಿಯ ಬುಟ್ಟಿ ಹಿಡಿದು ಬಂದು ಪಕ್ಕ ಕುಳಿತರು. ಕಾಯಿ ಸುಲಿಯುತ್ತ ಆಟ ನೋಡಿದರು. ಬುಟ್ಟಿಯಲ್ಲಿ ಕೈ ಆಡುವುದು ನಿಂತಿತು.

"ಇದರ ಲೆಕ್ಕ ಹೇಳು ನನಗ" ಎಂದರು.

ಆಗ ನಾನು ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದೆ, ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲೇ ಕೊಡುತ್ತಿದ್ದೆ. ಅಜ್ಜಿಯ ಇಂಗ್ಲಿಷ್ "ಅಟೆನ್ಶನ್" ಮತ್ತು "ಸ್ಟ್ಯಾಂಡ್ ಅಟ್ ಈಸ್" ದಾಟಿ ಹೆಚ್ಚು ಮುಂದೆ ಹೋಗುತ್ತಿರಲಿಲ್ಲ. ಹೀಗಾಗಿ ಅಂದು ಜೀವನದಲ್ಲಿ ಮೊದಲ ಸಲ ನಾನು ಉದ್ದುದ್ದ ಕನ್ನಡ ವಾಕ್ಯ ಕಟ್ಟಿದೆ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಸಲ ಅವಕಾಶ, ಆ ನಾಲ್ಕರಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಿನವರಿಗೆ. ಹೀಗೆ ಹೋಗಿ ಹೋಗಿ ಕೊನೆಯ ಗೆರೆ ದಾಟಿದರೆ ಆರು ಪಾಯಿಂಟ್.

ಅಜ್ಜಿ ಕೇಳಿಸಿಕೊಂಡು, "ಅಂದ್ರ ಕಬಡ್ಡಿನ ಇದು" ಎಂದರು. "ಅವರ ಜಾಗಾದಾಗ ಹೋಗಿ ಬರೂದು ಅಲ್ಲಿ. ಇಲ್ಲೆ ಹೋದಾಂವ ಹೊಳ್ಳಿ ಬರೂದಿಲ್ಲ, ಅಷ್ಟ."

ಹದಿನೈದು ನಿಮಿಷದಲ್ಲಿ ಅವರು ನನಗಿಂತ ಚೆನ್ನಾಗಿ ನೋಡತೊಡಗಿದ್ದರು. ನಾನು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಿದ್ದೆ. ಅವರು ಮುಂದಿನ ಸಾಲಿನಲ್ಲಿ ಬಗ್ಗಿ ನಿಲ್ಲುವ ಐದು ಜನ ದಢೂತಿ ಆಟಗಾರರನ್ನು ನೋಡುತ್ತಿದ್ದರು. ಚೆಂಡು ಎಸೆಯುವವನಿಗೆ ಗೋಡೆಯಾಗಿ ನಿಲ್ಲುವುದು ಅವರ ಕೆಲಸ. ಚೆಂಡು ಅವರ ಕೈಗೆ ಬರುವುದೇ ಅಪರೂಪ.

"ಈ ದಪ್ಪ ಹುಡುಗರ ಹೆಸರು ಯಾಕ ಯಾರೂ ಹೇಳಂಗಿಲ್ಲ?" ಅಜ್ಜಿ ಸಿಟ್ಟಿನಿಂದ ಕೇಳಿದರು. "ಕೆಲಸ ಎಲ್ಲಾ ಅವರು ಮಾಡಾಕತ್ತಾರ, ಆ ತೆಳ್ಳಗಿನಾಂವ ಕುಣಿಯಾಕತ್ತಾನ."

ಅಂದಿನಿಂದ ನಾನೂ ಆ ದಪ್ಪ ಹುಡುಗರ ಪಕ್ಷ. ಶಾಲೆಯಲ್ಲಿ ಎಲ್ಲರೂ ಚೆಂಡು ಎಸೆಯುವವನ ನಂಬರಿನ ಅಂಗಿ ಹಾಕಿಕೊಂಡು ಬಂದರೆ, ನಾನು ಎಡತುದಿಯಲ್ಲಿ ನಿಲ್ಲುವ ಆಟಗಾರನ ಗುಣಗಾನ ಮಾಡಿ ನಗೆಪಾಟಲಾಗುತ್ತಿದ್ದೆ. ಆ ವರ್ಷ ನಮ್ಮ ತಂಡ ಯಾರೂ ನಿರೀಕ್ಷಿಸದ ಹಾಗೆ ಗೆಲ್ಲಲು ಶುರು ಮಾಡಿತ್ತು. ಊರೆಲ್ಲ ಕಾರಣ ಹುಡುಕುತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿ ಬಂದ ಕಾಲ್ಗುಣ ಎಂದು ಅಮ್ಮ ತೀರ್ಮಾನಿಸಿದರು.

ನವೆಂಬರಿನಲ್ಲಿ ದೀಪಾವಳಿಯ ಪಿಕ್ನಿಕ್ ಬಂತು. ಲಾಸ್ ಏಂಜಲೀಸ್ ಕಡೆಯ ಕನ್ನಡದ ಮನೆಗಳವರೂ ಸ್ಯಾನ್ ಡಿಯಾಗೋ ಕಡೆಯವರೂ ವರ್ಷಕ್ಕೊಮ್ಮೆ ಸೇರುತ್ತಿದ್ದರು. ಲಾಸ್ ಏಂಜಲೀಸ್ ಬಂದರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಂಕಲ್ ಸ್ಯಾನ್ ಪೀಡ್ರೊದಲ್ಲಿ ಸಮುದ್ರದ ಮೇಲಿನ ದಿಬ್ಬದ ಪಾರ್ಕ್ ಬುಕ್ ಮಾಡಿಸುತ್ತಿದ್ದರು. ಊಟವಾದ ಮೇಲೆ ಅಪ್ಪಂದಿರು ಕ್ರಿಕೆಟ್ ಆಡುವುದು ವಾಡಿಕೆ. ಮಕ್ಕಳಾದ ನಾವು ಬೌಂಡರಿಯಲ್ಲಿ ನಿಂತು ಚೆಂಡು ಹೆಕ್ಕಿಕೊಡಬೇಕು. ಆ ಸಲ ನಾವು ಹದಿನಾಲ್ಕು ಮಕ್ಕಳು ಒಟ್ಟಾಗಿ, ಮೊದಲು ನಮ್ಮ ಫುಟ್‌ಬಾಲ್, ಆಮೇಲೆ ನಿಮ್ಮ ಕ್ರಿಕೆಟ್ ಎಂದು ಹಟ ಹಿಡಿದೆವು.

"ಮಕ್ಕಳು ಒಬ್ಬರ ಮೇಲೊಬ್ಬರು ಬೀಳೋದು ಬೇಡಪ್ಪ" ಎಂದು ಒಬ್ಬ ಆಂಟಿ ಅಡ್ಡ ಬಂದರು.

ಬೀಳಬೇಕಾಗಿಲ್ಲ, ಸೊಂಟಕ್ಕೆ ಬಟ್ಟೆಯ ಪಟ್ಟಿ ಸಿಕ್ಕಿಸಿಕೊಳ್ಳುತ್ತೇವೆ, ಅದನ್ನು ಯಾರಾದರೂ ಎಳೆದರೆ ಓಡುವವನು ಅಲ್ಲಿಗೇ ಔಟ್ ಎಂದು ವಿವರಿಸಿದೆವು. ಪಟ್ಟಿ ಎಲ್ಲಿದೆ ಎಂದರು. ಇರಲಿಲ್ಲ. ಅಜ್ಜಿ ಎದ್ದು ಕಾರಿನ ಹತ್ತಿರ ಹೋದರು. ನೆಲಕ್ಕೆ ಹಾಸಲು ತಂದಿದ್ದ ಹಳೆಯ ಸೀರೆಯನ್ನು ಹಲ್ಲಿನಿಂದ ಕಚ್ಚಿ, ಪರ್ ಪರ್ ಎಂದು ಹರಿದರು. ಹದಿನಾಲ್ಕು ಜೊತೆ ಪಟ್ಟಿ ತಯಾರಾಯಿತು. ಆಮೇಲೆ ಹಬ್ಬದ ಅಲಂಕಾರಕ್ಕೆ ತಂದಿದ್ದ ರಂಗೋಲಿ ಪುಡಿಯ ಡಬ್ಬಿ ಹಿಡಿದು, ಬೆನ್ನು ಬಗ್ಗಿಸಿ, ಹುಲ್ಲಿನ ಮೇಲೆ ಮೈದಾನದ ನಾಲ್ಕೂ ಗೆರೆ ಎಳೆದರು. ಎಳೆದ ಗೆರೆ ನೂಲು ಹಿಡಿದಂತೆ ನೇರವಾಗಿತ್ತು.

"ರೆಫ್ರಿ ಯಾರು?" ಯಾರೋ ಕೇಳಿದರು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರ್ಸಿನಿಂದ ಸೀಟಿ ತೆಗೆದರು. ಅದು ಅವರ ಜೊತೆ ಅಮೆರಿಕಕ್ಕೂ ಬಂದಿದೆ ಎಂದು ನನಗೇ ಗೊತ್ತಿರಲಿಲ್ಲ.

ಬೆಳಗಿನಿಂದ ಕವಿದಿದ್ದ ಮಂಜು ಆಗಷ್ಟೇ ಸಮುದ್ರದ ಕಡೆಗೆ ಸರಿದಿತ್ತು. ಕೆಳಗೆ ಕಂಟೇನರ್ ಹಡಗೊಂದು ನಿಧಾನವಾಗಿ ಹೊರಟಿತ್ತು. ಕ್ರಿಕೆಟ್ ಬ್ಯಾಟ್ ಹಿಡಿದು ಅಸಮಾಧಾನದಿಂದ ನಿಂತಿದ್ದ ಅಪ್ಪಂದಿರೆಲ್ಲ ಐದು ನಿಮಿಷದಲ್ಲಿ ಗೆರೆಯ ಆಚೆ ಸಾಲಾಗಿ ನಿಂತು ಕೂಗಾಡತೊಡಗಿದರು. ಮೂರು ವರ್ಷ ಸ್ಯಾಂಟಾ ಕ್ಲಾರಿಟಾದಲ್ಲಿ ನನ್ನ ಜೊತೆ ಆಡಿದ್ದ ಹುಡುಗಿಯೇ ಈಗ ಎದುರಿನ ಲಾಸ್ ಏಂಜಲೀಸ್ ತಂಡದಲ್ಲಿ ನನ್ನನ್ನು ಕಾಯುತ್ತಿದ್ದಳು. ನಾನು ಹೆಚ್ಚು ಎತ್ತರವಿರಲಿಲ್ಲ, ಆದರೆ ಓಡುತ್ತಿದ್ದೆ. ಎರಡೂ ಕಡೆ ಎರಡೆರಡು ಸಲ ಕೊನೆಯ ಗೆರೆ ದಾಟಿದ್ದಾಯಿತು. ಅಜ್ಜಿ ಕೈಗಡಿಯಾರ ನೋಡಿ, ಇನ್ನು ಎರಡೇ ನಿಮಿಷ ಎಂದು ಬೆರಳು ತೋರಿಸಿದರು.

ನಮ್ಮ ಕಡೆಯ ಹುಡುಗ ಚೆಂಡು ಎಸೆದ. ಅದು ಸುತ್ತುತ್ತ ಬಂದು ನನ್ನ ಎದೆಗೆ ಬಡಿಯಿತು, ಹೇಗೋ ತಬ್ಬಿಕೊಂಡೆ. ಎಡಗಡೆಯ ಗೆರೆಗುಂಟ ಓಡಿದೆ. ಹಳೆಯ ಗೆಳತಿ ಪಟ್ಟಿಗೆ ಕೈ ಚಾಚಿದಳು, ಸಿಗಲಿಲ್ಲ. ಇನ್ನೊಬ್ಬ ಎದುರು ಬಂದ, ಅವನನ್ನು ಸುತ್ತಿಕೊಂಡು ಹೋದೆ. ಗೆರೆ ದಾಟಿದೆ! ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಎರಡೂ ಕೈ ಮೇಲೆತ್ತಿದೆ. ಅಪ್ಪ, ಹೌದು, ನನ್ನ ಅಪ್ಪನೇ, "ಹೊಡದ್ಲು! ಹೊಡದ್ಲು!" ಎಂದು ಕುಣಿಯುತ್ತಿದ್ದರು.

ಆಮೇಲೆ ಸೀಟಿ ಕೇಳಿಸಿತು. ಅಜ್ಜಿ ಬಹಳ ಹಿಂದೆ, ಎಡಗಡೆಯ ಗೆರೆಯ ಹತ್ತಿರ ನಿಂತು ನೆಲದ ಕಡೆ ಕೈ ತೋರಿಸುತ್ತಿದ್ದರು.

"ಕಾಲು ಹೊರಗ" ಎಂದರು. "ಚೆಂಡು ಇಲ್ಲೆ ಬರಬೇಕು."

ಎದುರು ತಂಡದವರಿಗೇ ಅದು ಕಂಡಿರಲಿಲ್ಲ. ಬಂದರಿನ ಅಂಕಲ್ ನಗುತ್ತಾ, "ಬಿಡಿ ಅಮ್ಮ, ಮಕ್ಕಳ ಆಟ ತಾನೇ? ಕೊಟ್ಬಿಡಿ" ಎಂದರು.

"ಮಕ್ಕಳ ಆಟ ಅಂತನ ಬಿಡೂದಿಲ್ಲ" ಎಂದರು ಅಜ್ಜಿ.

ಚೆಂಡು ಹಿಂದಕ್ಕೆ ಬಂತು. ಮುಂದಿನ ಎಸೆತವನ್ನು ಲಾಸ್ ಏಂಜಲೀಸ್ ಕಡೆಯ ಹುಡುಗನೊಬ್ಬ ನಡುವೆಯೇ ಹಾರಿ ಹಿಡಿದು, ಇಡೀ ಮೈದಾನ ಓಡಿ, ಆಟ ಮುಗಿಸಿಬಿಟ್ಟ. ಅವರ ಕಡೆಯ ಮಕ್ಕಳು "ರೆಫ್ರಿ ಅಜ್ಜಿ! ರೆಫ್ರಿ ಅಜ್ಜಿ!" ಎಂದು ಅವರನ್ನೇ ಸುತ್ತುವರಿದು ಕುಣಿದರು. ನಾನು ದೂರ ನಿಂತು, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ: ಅವರೇನು ನಿಜವಾದ ರೆಫ್ರಿ ಅಲ್ಲ, ಅವರಿಗೆ ಈ ಆಟವೇ ಗೊತ್ತಿಲ್ಲ. ಅಪ್ಪನಿಗೆ ಕೇಳಿಸಿತು. ಅಜ್ಜಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ಬಗ್ಗಿ ಹುಲ್ಲಿನಲ್ಲಿ ಬಿದ್ದಿದ್ದ ಪಟ್ಟಿಗಳನ್ನು ಆಯುತ್ತಿದ್ದರು.

ಕಾರ್ಲ್ಸ್‌ಬಾಡಿಗೆ ಎರಡು ಗಂಟೆಯ ದಾರಿ. ಸಮುದ್ರ ಕಾಣುವ ಕಡೆ ಬಂದಾಗ ನಾನು ತಲೆ ತಗ್ಗಿಸಿದೆ. ನನ್ನ ಎಡಗಾಲಿನ ಶೂ ಅಂಚಿಗೆ ಬೆಳ್ಳಗೆ ರಂಗೋಲಿ ಪುಡಿ ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಅಜ್ಜಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ನಾನು ಇನ್ನೊಂದು ಶೂವಿನಿಂದ ಅದನ್ನು ತಿಕ್ಕಿ ತಿಕ್ಕಿ ತೆಗೆದೆ. ಪುಡಿ ಹೋಯಿತು. ಸಂಕಟ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಶೂ ನೋಡುವ ಮೊದಲೇ ನನಗೆ ಗೊತ್ತಿತ್ತು. ಓಡುವಾಗ ಹುಲ್ಲಿನ ಮೇಲೆ ಕಾಲು ಸ್ವಲ್ಪ ಜಾರಿದ್ದು ನನಗೆ ತಿಳಿದಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಜ್ಜಿ ಒಬ್ಬರೇ ಚಹಾ ಕುದಿಸುತ್ತಿದ್ದರು. ಹೋಗಿ ಪಕ್ಕ ನಿಂತೆ. ಕನ್ನಡದಲ್ಲೇ ಹೇಳಬೇಕೆಂದು ರಾತ್ರಿಯೇ ವಾಕ್ಯ ಜೋಡಿಸಿಟ್ಟುಕೊಂಡಿದ್ದೆ, ಬಾಯಿಗೆ ಬಂದದ್ದು ಅರ್ಧ ಮಾತ್ರ.

"ಅಜ್ಜಿ, ನಿನ್ನೆ ನನ್ನ ಕಾಲು..."

"ಹೊರಗ ಇತ್ತು."

"ನನಗೆ ಗೊತ್ತಿತ್ತು."

"ನಿನಗ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು" ಎಂದರು ಅಜ್ಜಿ. ಚಹಾ ಸೋಸಿ ನನಗೂ ಅರ್ಧ ಕಪ್ ಕೊಟ್ಟರು. ಅಮ್ಮ ನನಗೆ ಚಹಾ ಕೊಡುತ್ತಿರಲಿಲ್ಲ. "ಭಾಳ ಚೊಲೊ ಓಡಿದಿ. ಆದ್ರ ಮೂಲ್ಯಾಗ ಸಿಕ್ಕೊಂಡಿ. ನಡುವ ಜಾಗಾ ಖಾಲಿ ಇತ್ತು. ಒಳಗ ತಿರುಗಿದ್ರ ಯಾರಿಗೂ ಸಿಗ್ತಿದ್ದಿಲ್ಲ."

"ನಾನು ಕೆಟ್ಟದಾಗಿ ಮಾತಾಡಿದೆ" ಎಂದೆ.

"ಹೌದು, ಮಾತಾಡಿದಿ" ಎಂದರು. ಅಷ್ಟೇ. ಆಮೇಲೆ ಸಕ್ಕರೆ ಡಬ್ಬಿ ನನ್ನ ಕಡೆ ಸರಿಸಿದರು. ಶಾಲೆಗೆ ಹೊರಡುವವರೆಗೂ ನಾವಿಬ್ಬರೂ ಹಿತ್ತಿಲಲ್ಲಿ ಒಳಗೆ ತಿರುಗುವುದು ಹೇಗೆ ಎಂದು ಅಭ್ಯಾಸ ಮಾಡಿದೆವು. ಅಜ್ಜಿ ಎದುರು ತಂಡ. ಎಪ್ಪತ್ತರ ಹತ್ತಿರದ ಆ ಹೆಂಗಸನ್ನು ಒಂದು ಸಲವೂ ದಾಟಲು ನನಗಾಗಲಿಲ್ಲ.

ಇದನ್ನೆಲ್ಲ ಅಪ್ಪ ಕಿಟಕಿಯಿಂದ ನೋಡಿರಬೇಕು. ಡಿಸೆಂಬರಿನ ಒಂದು ಶುಕ್ರವಾರ ಆಫೀಸಿನಿಂದ ಬಂದವರು ಊಟದ ಮೇಜಿನ ಮೇಲೆ ಮೂರು ಟಿಕೆಟ್ ಇಟ್ಟರು. ಸ್ಟೇಡಿಯಮ್ಮಿನವು! ನಾನು ಕಿರುಚಿದ್ದು ಪಕ್ಕದ ಮನೆಗೆ ಕೇಳಿಸಿ, ಆ ಮನೆಯಾತ ಏನಾಯಿತೆಂದು ಬಂದು ಬಾಗಿಲು ಬಡಿದ. ವಿಷಯ ತಿಳಿದು, ತನ್ನ ಮನೆಯಿಂದ ತಂಡದ ಒಂದು ತಿಳಿನೀಲಿ ಟೋಪಿ ತಂದು ಅಜ್ಜಿಗೆ ಕೊಟ್ಟ.

ಆಟ ಮಧ್ಯಾಹ್ನ ಒಂದಕ್ಕೆ. ಬೆಳಿಗ್ಗೆ ಒಂಬತ್ತಕ್ಕೇ ಪಾರ್ಕಿಂಗ್ ಜಾಗ ಜಾತ್ರೆಯಾಗಿತ್ತು. ಪ್ರತಿ ಕಾರಿನ ಹಿಂದೆ ಒಲೆ, ಹೊಗೆ, ಹಾಡು, ಮಡಿಚುವ ಕುರ್ಚಿ. ಅಮ್ಮ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ನಾವೂ ಡಿಕ್ಕಿಯಲ್ಲಿ ಬಿಚ್ಚಿದೆವು: ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಪಕ್ಕದ ಕಾರಿನದು ಮೆಕ್ಸಿಕೋ ಮೂಲದ ಕುಟುಂಬ. ಅವರ ಅಜ್ಜಿ ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿದ್ದರು. ಖಾರದ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ ನಮ್ಮ ಅಜ್ಜಿಯ ಕೈಗೆ ಒಂದು ತೆನೆ ಕೊಟ್ಟರು. ಅಜ್ಜಿ ಚಪಾತಿಗೆ ಶೇಂಗಾ ಚಟ್ನಿ ಸವರಿ ಸುರುಳಿ ಮಾಡಿ ಅವರಿಗೆ ಕೊಟ್ಟರು. ಒಬ್ಬರದು ಸ್ಪ್ಯಾನಿಷ್, ಒಬ್ಬರದು ಧಾರವಾಡ ಕನ್ನಡ. ಅರ್ಧ ಗಂಟೆ ಎಡೆಬಿಡದೆ ಮಾತಾಡಿದರು. ಏನು ಮಾತಾಡಿದಿರಿ ಎಂದು ಆಮೇಲೆ ಕೇಳಿದರೆ, "ಅಕೀಗೆ ಮೊಣಕಾಲ ನೋವಂತ" ಎಂದರು.

ನಮ್ಮ ಸೀಟು ತುಂಬಾ ಮೇಲೆ. ಅಲ್ಲಿಂದ ಆಟಗಾರರು ಹೆಬ್ಬೆಟ್ಟಿನಷ್ಟು ಕಾಣುತ್ತಿದ್ದರು. ಮೊದಲ ಸಲ ಅಷ್ಟು ಜನ ಒಟ್ಟಿಗೆ ಎದ್ದು ಕೂಗಿದಾಗ ಕಾಲಡಿಯ ಸಿಮೆಂಟು ಅಲುಗಿತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಟಿವಿಯಲ್ಲಿ ಇಷ್ಟು ವರ್ಷ ನೋಡಿದ್ದು ಈ ಸದ್ದೇ ಇಲ್ಲದ ಆಟವನ್ನು! ಮೈದಾನದ ಹುಲ್ಲು ಎಷ್ಟು ಹಸಿರು ಎಂಬುದನ್ನೂ ಟಿವಿ ನನಗೆ ಸರಿಯಾಗಿ ತೋರಿಸಿರಲಿಲ್ಲ.

ಅಜ್ಜಿ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು, "ಚೆಂಡು ನೋಡಬ್ಯಾಡ, ಕಾಲು ನೋಡು" ಎಂದರು. ನಮ್ಮ ಹಿಂದೆ ಮುಖಕ್ಕೆಲ್ಲ ಬಣ್ಣ ಬಳಿದುಕೊಂಡ ಒಬ್ಬ ಭಾರಿ ಆಳು ಕುಳಿತಿದ್ದ. ಎದುರು ತಂಡದ ಒಬ್ಬ ದಢೂತಿ ಆಟಗಾರ ಚೆಂಡು ನೆಲದಿಂದ ಏಳುವ ಮೊದಲೇ ಚೂರು ಅಲುಗಿದ. ಅಜ್ಜಿ, "ಅಲುಗ್ಯಾಡಿದಾ!" ಎಂದು ಎದ್ದು ಬೆರಳು ತೋರಿಸಿದರು. ಮರುಕ್ಷಣ ರೆಫ್ರಿ ತಪ್ಪಿನ ಗುರುತಿನ ಹಳದಿ ಬಟ್ಟೆ ಎಸೆದು ಅದನ್ನೇ ಹೇಳಿದ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಬಣ್ಣದ ಮುಖದಾತ ಮುಂದೆ ಬಗ್ಗಿ, ನಿಮ್ಮ ಅಜ್ಜಿ ಈಗ ಏನು ಹೇಳುತ್ತಾರೆ ಎಂದು ನನ್ನನ್ನು ಕೇಳತೊಡಗಿದ. ನಾನು ಅನುವಾದ ಮಾಡಿ ಹೇಳುತ್ತಿದ್ದೆ, ಅವನು ಹಿಂದಿನ ಸಾಲುಗಳಿಗೆ ಕೂಗಿ ತಿಳಿಸುತ್ತಿದ್ದ. ಎರಡನೇ ಅವಧಿಯ ಹೊತ್ತಿಗೆ ಆ ಮೂಲೆಯ ಐವತ್ತು ಜನ, ರೆಫ್ರಿಗಿಂತ ಮೊದಲು ಅಜ್ಜಿಯ ಕಡೆ ತಿರುಗುತ್ತಿದ್ದರು. ಒಮ್ಮೆ ಅಜ್ಜಿ ನಮ್ಮ ತಂಡದ ತಪ್ಪಿಗೇ ಕೈ ಎತ್ತಿದಾಗ ಎಲ್ಲರೂ "ಅಯ್ಯೋ" ಎಂದು ತಲೆ ಹಿಡಿದುಕೊಂಡರು. ಅದೂ ಸರಿಯಾಯಿತು. ಅಪ್ಪ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು.

ಅವತ್ತು ನಾವು ಗೆದ್ದೆವು. ಬಣ್ಣದ ಮುಖದಾತ ಅಂಗೈಗೆ ಅಂಗೈ ತಟ್ಟಲೆಂದು ಕೈ ಮುಂದೆ ಚಾಚಿದ. ಅಜ್ಜಿಗೆ ಅದೇನೆಂದು ತಿಳಿಯದೆ, ಶಾಲೆಯ ಹುಡುಗಿಯರಿಗೆ ಕೊಡುತ್ತಿದ್ದ ಹಾಗೆ ಅವನ ಬೆನ್ನಿಗೆ ಧಪ್ಪನೆ ಒಂದು ಗುದ್ದು ಕೊಟ್ಟು, "ಶಾಬಾಸ್" ಎಂದರು.

ಅಜ್ಜಿ ಮಾರ್ಚಿನಲ್ಲಿ ಧಾರವಾಡಕ್ಕೆ ಹೊರಟರು. ಮುಂದಿನ ವರ್ಷಗಳಲ್ಲಿ ನಮ್ಮ ತಂಡ ಇನ್ನೂ ಚೆನ್ನಾಗಿ ಆಡಿತು. ಒಂದು ವರ್ಷವಂತೂ ಇನ್ನೇನು ಕಪ್ ನಮ್ಮದೇ ಎಂದುಕೊಳ್ಳುವಷ್ಟು ಗೆದ್ದು, ಜನವರಿಯ ನಾಕೌಟ್ ಆಟದಲ್ಲಿ ನಮ್ಮೂರಿನಲ್ಲೇ ಸೋತಿತು. ನಾನು ಸೋಫಾದ ಹಿಂದೆ ಕುಳಿತು ಅತ್ತೆ. ಅಪ್ಪ ನನ್ನ ಎದುರು ನೆಲದ ಮೇಲೆ ಕುಳಿತು, ಕೊನೆಯ ಹತ್ತು ನಿಮಿಷದಲ್ಲಿ ಯಾರ್‍ಯಾರು ಎಲ್ಲೆಲ್ಲಿ ನಿಲ್ಲಬೇಕಿತ್ತು ಎಂದು ಬಿಸ್ಕತ್ತುಗಳನ್ನು ಜೋಡಿಸಿ ವಿವರಿಸಿದರು. ಅವರು ಹೇಳಿದ್ದು ಪೂರ್ತಿ ತಪ್ಪಾಗಿತ್ತು. ತಿದ್ದುತ್ತಾ ತಿದ್ದುತ್ತಾ ನನ್ನ ಅಳು ನಿಂತಿತು, ಬಿಸ್ಕತ್ತುಗಳೂ ಮುಗಿದವು.

2008ರಲ್ಲಿ ನನಗೆ ಹದಿನಾರು ತುಂಬಿ ಡ್ರೈವಿಂಗ್ ಲೈಸೆನ್ಸ್ ಬಂತು. ಅಪ್ಪ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ಒಂದು ಭಾನುವಾರ, ಅವರಿಗೂ ನನಗೂ ಎಂದು ಕೊಂಡಿದ್ದ ಎರಡು ಟಿಕೆಟ್ ಉಳಿದಿದ್ದವು. ಅಮ್ಮ ಇದ್ದಕ್ಕಿದ್ದಂತೆ, "ನಾನು ಬರ್ತೀನಿ ಕಣೆ. ಇಷ್ಟು ವರ್ಷದಿಂದ ಬುತ್ತಿ ಕಟ್ಟಿಕೊಡ್ತಾನೇ ಇದ್ದೀನಿ, ಅದೆಲ್ಲಿಗೆ ಹೋಗುತ್ತೆ ಅಂತ ನೋಡ್ಬೇಡ್ವಾ?" ಎಂದರು.

ನಾನೇ ಡ್ರೈವ್ ಮಾಡಿದೆ. ಫ್ರೀವೇಯಲ್ಲಿ ಲೇನ್ ಬದಲಿಸಿದಾಗಲೆಲ್ಲ ಅಮ್ಮ ಕಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಪಾರ್ಕಿಂಗಿಗೆ ಬಂದು ಇಳಿದ ಮೇಲೆ ಮಾತ್ರ ಅವರು ಬೇರೆಯೇ ಮನುಷ್ಯರಾದರು. ಮೂರು ಕಾರುಗಳವರಿಗೆ ಪುಳಿಯೋಗರೆ ಹಂಚಿದರು. ಯಾರದೋ ರೇಡಿಯೋದ ಹಾಡಿಗೆ ಹೆಜ್ಜೆ ಹಾಕಿದರು. ಅಜ್ಜಿಯ ವಯಸ್ಸಿನ ಒಬ್ಬ ಹೆಂಗಸಿನಿಂದ ಬೀನ್ಸ್ ಬೇಯಿಸುವ ವಿಧಾನ ಬರೆದುಕೊಂಡರು. ನಾನು ನಾಚಿಕೆಯಿಂದ ಕಾರಿನೊಳಗೆ ಕುಳಿತೆ, ಆಮೇಲೆ ತಡೆಯಲಾರದೆ ನಾನೂ ಕುಣಿದೆ. ಆಟ ಶುರುವಾದ ಮೇಲೆ ಅಮ್ಮ ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು, ಇನ್ನರ್ಧ ಹೊತ್ತು ಕೆಳಗೆ ಬಿದ್ದ ಹುಡುಗರೆಲ್ಲ ಎದ್ದರಾ ಎಂದು ಎಣಿಸುತ್ತಿದ್ದರು.

ವಾಪಸ್ ಬರುವಾಗ, ಹೇಗಿತ್ತು ಎಂದು ಕೇಳಿದೆ.

"ತುಂಬಾ ಚೆನ್ನಾಗಿತ್ತು" ಎಂದರು ಅಮ್ಮ, ಮನಸಾರೆ. "ಇನ್ನೊಂದ್ ಸಲ ಬರೋಣ. ಆದ್ರೆ ಆಟ ಶುರು ಆಗೋಕ್ ಮುಂಚೆ ಮನೆಗೆ ಹೋಗ್ಬಿಡೋಣ, ಆಯ್ತಾ?"